ಸುಂಟರಗಾಳಿಯ ಹೆಜ್ಜೆಗುರುತು ಓದಿದ ಟೆತ್ಸುಯಾ ಫುಜಿತಾ

ಸುಂಟರಗಾಳಿಯ ಬಲವನ್ನು ನೇರವಾಗಿ ಅಳೆಯುವುದು ಬಹುಮಟ್ಟಿಗೆ ಅಸಾಧ್ಯವಾದ ಕೆಲಸ. ಅದು ಎಲ್ಲಿ ನೆಲ ಮುಟ್ಟುವುದೆಂದು ಮೊದಲೇ ತಿಳಿಯದು. ಮುಟ್ಟಿದ ಮೇಲೆ ಹೆಚ್ಚಿನವು ಕೆಲವೇ ನಿಮಿಷ ಬಾಳುತ್ತವೆ. ದಾರಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕ ವಾಯುವೇಗ ಮಾಪಕವನ್ನು ಮನೆ, ಮರ, ಕಂಬಗಳ ಜೊತೆಗೇ ಕಿತ್ತುಕೊಂಡು ಹೋಗುತ್ತವೆ. ಗಾಳಿ ಅಡಗಿದ ಮೇಲೆ ಉಳಿಯುವುದು ಹಾನಿಯೊಂದೇ. ಆ ಹಾನಿಯನ್ನೇ ಸಾಕ್ಷಿಯಾಗಿ ನಿಲ್ಲಿಸಿ, ಬೀಸಿ ಹೋದ ಗಾಳಿ ಯಾವ ದಿಕ್ಕಿನಿಂದ ಬಂತು, ಹೇಗೆ ತಿರುಗಿತು, ಎಷ್ಟು ಬಲವಾಗಿತ್ತು ಎಂಬುದನ್ನು ನಿರ್ಣಯಿಸುವ ಕ್ರಮವೊಂದನ್ನು ರೂಪಿಸಿದವರು ಜಪಾನಿನಲ್ಲಿ ಹುಟ್ಟಿ ಅಮೆರಿಕದ ಚಿಕಾಗೊ ನಗರದಲ್ಲಿ ಬಾಳಿದ ಟೆತ್ಸುಯಾ ಥಿಯೊಡರ್ ಫುಜಿತಾ. ಇಂದು ಸುಂಟರಗಾಳಿಗೆ ಸೊನ್ನೆಯಿಂದ ಐದರವರೆಗೆ ಕೊಡುವ ದರ್ಜೆಯ ಹಿಂದೆ ಇರುವ ಹೆಸರು ಅವರದು.

ಬೇಸಗೆಯ ಮಧ್ಯಾಹ್ನ ಬಯಲಿನಲ್ಲಿ ಧೂಳು, ತರಗೆಲೆಗಳನ್ನು ಎತ್ತಿ ಸುತ್ತುವ ಗಾಳಿಯನ್ನೂ ಕನ್ನಡದಲ್ಲಿ ಸುಂಟರಗಾಳಿ ಎನ್ನುವುದುಂಟು. ಇಲ್ಲಿ ಆ ಶಬ್ದದಿಂದ ಸೂಚಿಸುತ್ತಿರುವುದು ಇಂಗ್ಲಿಷಿನವರು ಟಾರ್ನೆಡೊ ಎನ್ನುವ ಉಗ್ರರೂಪವನ್ನು. ಭಾರಿ ಗುಡುಗುಮೋಡದ ತಳದಿಂದ ಆಲಿಕೆಯ ಆಕಾರದಲ್ಲಿ ಇಳಿದು ನೆಲ ಮುಟ್ಟುವ ಈ ಗಾಳಿ ಕೆಲವು ಮೀಟರುಗಳಿಂದ ಹಿಡಿದು ಕೆಲವು ಕಿಲೋಮೀಟರ್‌ವರೆಗೆ ಅಗಲವಾಗಿರಬಲ್ಲದು. ಕಡಲಿನಲ್ಲಿ ಹುಟ್ಟಿ ದಿನಗಟ್ಟಲೆ ಸಾಗುವ ಚಂಡಮಾರುತ ಬೇರೆ, ಇದು ಬೇರೆ. ಮೆಕ್ಸಿಕೊ ಕೊಲ್ಲಿಯ ತೇವಗಾಳಿಯೂ ಪಶ್ಚಿಮದ ಒಣಗಾಳಿಯೂ ಸಂಧಿಸುವ ಅಮೆರಿಕದ ನಡುಬಯಲಿನಲ್ಲಿ ಇದರ ಹಾವಳಿ ಹೆಚ್ಚು. ಆ ದೇಶದಲ್ಲಿ ವರ್ಷಕ್ಕೆ ಸಾವಿರಕ್ಕೂ ಮಿಕ್ಕಿ ಸುಂಟರಗಾಳಿಗಳು ದಾಖಲಾಗುತ್ತವೆ.

ಹುಟ್ಟು, ಶಿಕ್ಷಣ

ಫುಜಿತಾ ಅವರು 1920ರ ಅಕ್ಟೋಬರ್ 23ರಂದು ಜಪಾನಿನ ಕ್ಯೂಷು ದ್ವೀಪದ ಸೊನೆ ಎಂಬ ಊರಿನಲ್ಲಿ ಜನಿಸಿದರು. ಆ ಊರು ಈಗ ಕಿಟಕ್ಯೂಷು ನಗರದ ಭಾಗ. ತಂದೆ ಶಾಲಾ ಉಪಾಧ್ಯಾಯರು. ಹುಡುಗನಿಗೆ ಎಳವೆಯಿಂದಲೇ ನಕ್ಷೆ ಬರೆಯುವುದರಲ್ಲಿ, ಬೆಟ್ಟಗುಡ್ಡಗಳ ರಚನೆಯನ್ನು ಗಮನಿಸುವುದರಲ್ಲಿ ಆಸಕ್ತಿ. ಕಣ್ಣಿಗೆ ಕಂಡುದನ್ನು ಅಳತೆಗೆ ತಂದು ಕಾಗದದ ಮೇಲೆ ಮೂಡಿಸುವ ಈ ಅಭ್ಯಾಸ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಗಣಕಯಂತ್ರಗಳು ಬಂದ ಮೇಲೂ ಅವರ ಸೂಕ್ಷ್ಮ ನಕ್ಷೆಗಳು ಕೈಬರಹದವೇ ಆಗಿದ್ದವು.

ಪ್ರೌಢ ವ್ಯಾಸಂಗಕ್ಕೆ ಹಿರೊಷಿಮಾದ ಕಾಲೇಜಿಗೆ ಹೋಗುವ ಅವಕಾಶವೂ ಅವರ ಮುಂದಿತ್ತು. ಆದರೆ ಮನೆಗೆ ಹತ್ತಿರದ ಮೈಜಿ ತಾಂತ್ರಿಕ ಕಾಲೇಜಿಗೇ ಸೇರಬೇಕೆಂಬುದು ತಂದೆಯ ಇಚ್ಛೆ. ಮಗ ಆ ಮಾತಿಗೆ ನಡೆದುಕೊಂಡರು. ಸ್ವಲ್ಪ ಕಾಲದಲ್ಲಿಯೇ ತಂದೆ ತೀರಿಕೊಂಡರು. 1943ರಲ್ಲಿ ಯಂತ್ರಶಾಸ್ತ್ರದಲ್ಲಿ ಪದವಿ ಪಡೆದ ಫುಜಿತಾ ಅದೇ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಎರಡು ವರ್ಷಗಳ ತರುವಾಯ ಹಿರೊಷಿಮಾದ ಮೇಲೆ ಅಣುಬಾಂಬು ಬಿದ್ದಾಗ ತಂದೆಯ ಆ ಇಚ್ಛೆ ಮಗನ ಪಾಲಿಗೆ ಏನಾಗಿತ್ತೆಂಬುದು ಸ್ಪಷ್ಟವಾಯಿತು.

ಎರಡನೆಯ ಬಾಂಬಿನಿಂದಲೂ ಅವರು ಉಳಿದುದು ಮೋಡದ ಮರೆಯಿಂದ. 1945ರ ಆಗಸ್ಟ್ 9ರಂದು ಅಮೆರಿಕದ ವಿಮಾನ ಹೊರಟದ್ದು ಕೊಕುರಾ ನಗರವನ್ನು ಗುರಿಯಾಗಿಸಿಕೊಂಡು. ಫುಜಿತಾ ಕೆಲಸ ಮಾಡುತ್ತಿದ್ದ ಕಾಲೇಜು ಕೊಕುರಾಕ್ಕೆ ಸಮೀಪದಲ್ಲಿಯೇ ಇತ್ತು. ಅಂದು ಆ ನಗರದ ಮೇಲೆ ಮೋಡವೂ ಹೊಗೆಯೂ ಕವಿದಿದ್ದುದರಿಂದ ಗುರಿ ಕಾಣಲಿಲ್ಲ. ವಿಮಾನ ಅಲ್ಲಿಂದ ನಾಗಸಾಕಿಗೆ ತಿರುಗಿತು.

ನಾಗಸಾಕಿಯ ಪಾಠ

ಕೆಲವು ವಾರಗಳ ಬಳಿಕ ಫುಜಿತಾ ಅವರು ನಾಗಸಾಕಿ ಮತ್ತು ಹಿರೊಷಿಮಾಗಳಿಗೆ ತೆರಳಿ ವಿನಾಶವನ್ನು ಪರಿಶೀಲಿಸಿದರು. ಬಾಂಬು ಯಾವ ಬಿಂದುವಿನ ಮೇಲೆ, ಎಷ್ಟು ಎತ್ತರದಲ್ಲಿ ಸಿಡಿಯಿತು ಎಂಬ ಪ್ರಶ್ನೆಗೆ ಉತ್ತರ ಹೇಳುವ ಯಂತ್ರವೇನೂ ಅವರ ಕೈಯಲ್ಲಿ ಇರಲಿಲ್ಲ. ಆದರೆ ಸುಟ್ಟ ವಸ್ತುಗಳಿದ್ದವು. ಜಪಾನಿನ ಸ್ಮಶಾನಗಳಲ್ಲಿ ಸಮಾಧಿಯ ಮುಂದೆ ಹೂವಿಡಲು ಬಿದಿರಿನ ಕೊಳವೆಗಳನ್ನು ನೆಟ್ಟಿರುತ್ತಾರೆ. ಸ್ಫೋಟದ ಬೆಳಕು ತಾಗಿದ ಬದಿಯಲ್ಲಿ ಮಾತ್ರ ಆ ಬಿದಿರು ಕಪ್ಪಾಗಿತ್ತು. ಮರೆಯಲ್ಲಿದ್ದ ಬದಿ ಹಾಗೆಯೇ ಉಳಿದಿತ್ತು. ಬೇರೆ ಬೇರೆ ಸ್ಥಳಗಳಲ್ಲಿ ಈ ಸುಟ್ಟ ಗುರುತುಗಳ ದಿಕ್ಕನ್ನೂ ಕೋನವನ್ನೂ ಅಳೆದು, ಗೆರೆಗಳನ್ನು ಹಿಂದಕ್ಕೆ ಎಳೆದು, ಅವು ಆಕಾಶದಲ್ಲಿ ಒಂದುಗೂಡುವ ತಾಣವನ್ನು ಅವರು ಲೆಕ್ಕಹಾಕಿದರು.

ಇನ್ನೊಂದು ದೃಶ್ಯವೂ ಅವರ ಮನಸ್ಸಿನಲ್ಲಿ ನಿಂತಿತು. ಸ್ಫೋಟಕೇಂದ್ರದ ನೇರ ಕೆಳಗೆ ಕೆಲವು ಮರಗಳು ಸುಟ್ಟಿದ್ದರೂ ನೆಟ್ಟಗೆ ನಿಂತಿದ್ದವು. ಅಲ್ಲಿಂದ ದೂರ ಸರಿದಂತೆ ಮರಗಳೆಲ್ಲ ಕೇಂದ್ರಕ್ಕೆ ಬೆನ್ನುಮಾಡಿ, ಚಕ್ರದ ಅರೆಕಾಲುಗಳಂತೆ ಹೊರಮುಖವಾಗಿ ಉರುಳಿದ್ದವು. ಮೇಲಿನಿಂದ ಬಂದ ಒತ್ತಡ ನೆಲಕ್ಕೆ ಅಪ್ಪಳಿಸಿ ಎಲ್ಲ ದಿಕ್ಕುಗಳಿಗೆ ಹರಡಿತ್ತೆಂಬುದಕ್ಕೆ ಅದು ಗುರುತು. ಸುಮಾರು ಮೂವತ್ತು ವರ್ಷಗಳ ಅನಂತರ, ಬೇರೊಂದು ಖಂಡದಲ್ಲಿ, ಯುದ್ಧಕ್ಕೆ ಸಂಬಂಧವೇ ಇಲ್ಲದ ಸಂದರ್ಭದಲ್ಲಿ ಈ ಚಿತ್ರ ಅವರ ಕಣ್ಣಿಗೆ ಮತ್ತೆ ಬೀಳಲಿತ್ತು.

ಕಸದಲ್ಲಿ ಸಿಕ್ಕ ವರದಿ

ಯುದ್ಧಾನಂತರದ ಜಪಾನಿನಲ್ಲಿ ಸಂಶೋಧನೆಗೆ ಹಣವಿರಲಿಲ್ಲ. ಹವಾಮಾನಕ್ಕೆ ಹೆಚ್ಚಿನ ಉಪಕರಣ ಬೇಡವೆಂದು ಫುಜಿತಾ ಅವರು ಅದರತ್ತ ತಿರುಗಿದರು. 1947ರ ಆಗಸ್ಟಿನಲ್ಲಿ ಸೆಬುರಿ ಬೆಟ್ಟದ ಹವಾಮಾನ ಕೇಂದ್ರದ ಮೇಲೆ ಗುಡುಗುಮಳೆಯೊಂದು ಹಾದುಹೋಯಿತು. ಗಾಳಿಯ ವೇಗ, ಒತ್ತಡ ಇವುಗಳ ದಾಖಲೆಯನ್ನು ಬಿಡಿಸಿ ನೋಡಿದಾಗ ಗುಡುಗುಮೋಡದ ಒಳಗೆ ಗಾಳಿ ಮೇಲೇರುವುದಷ್ಟೇ ಅಲ್ಲ, ಕೆಳಕ್ಕೂ ಇಳಿಯುತ್ತದೆ ಎಂದು ಅವರಿಗೆ ಮನವರಿಕೆಯಾಯಿತು. ಮರುವರ್ಷ ಕ್ಯೂಷುವಿನ ಎನೌರಾದಲ್ಲಿ ಸುಂಟರಗಾಳಿ ಬೀಸಿದಾಗ ಅದರ ಹಾನಿಯನ್ನು ನಡೆದು ನೋಡಿ ನಕ್ಷೆ ಮಾಡಿದರು. ಅವರು ಪರಿಶೀಲಿಸಿದ ಮೊದಲ ಸುಂಟರಗಾಳಿ ಅದು.

ಅದೇ ಸೆಬುರಿ ಬೆಟ್ಟದಲ್ಲಿ ಅಮೆರಿಕದ ಸೇನೆಯ ರಡಾರ್ ಕೇಂದ್ರವೂ ಇತ್ತು. ಅಲ್ಲಿ ಕಸವೆಂದು ಎಸೆದಿದ್ದ ಕಾಗದಗಳಲ್ಲಿ ಗುಡುಗುಮಳೆಯ ಕುರಿತ ಇಂಗ್ಲಿಷ್ ವರದಿಯೊಂದು ದೊರೆತು ಫುಜಿತಾ ಅವರ ಕೈ ಸೇರಿತು. ಬರೆದವರು ಚಿಕಾಗೊ ವಿಶ್ವವಿದ್ಯಾಲಯದ ಹೊರೇಸ್ ಬೈಯರ್ಸ್. ಅಮೆರಿಕ ಸರಕಾರ 1946 ಮತ್ತು 1947ರಲ್ಲಿ ಫ್ಲಾರಿಡಾ, ಓಹಿಯೊಗಳಲ್ಲಿ ವಿಮಾನಗಳನ್ನೇ ಗುಡುಗುಮೋಡದೊಳಕ್ಕೆ ಹಾರಿಸಿ ನಡೆಸಿದ್ದ ದೊಡ್ಡ ಅಧ್ಯಯನದ ಮುಖ್ಯಸ್ಥರು ಅವರು. ಆ ಅಧ್ಯಯನ ಕಂಡುಕೊಂಡ ಇಳಿಗಾಳಿಯನ್ನೇ ಫುಜಿತಾ ಅವರು ಒಂದು ಬೆಟ್ಟದ ತುದಿಯಲ್ಲಿ, ಅತ್ಯಲ್ಪ ವೆಚ್ಚದಲ್ಲಿ, ಸ್ವತಂತ್ರವಾಗಿ ಕಂಡುಕೊಂಡಿದ್ದರು. ಅವರು ಇಂಗ್ಲಿಷ್ ಬೆರಳಚ್ಚು ಯಂತ್ರವೊಂದನ್ನು ಕೊಂಡು, ತಮ್ಮ ಲೇಖನಗಳನ್ನು ತಾವೇ ಇಂಗ್ಲಿಷಿಗೆ ತಂದು ಬೈಯರ್ಸ್ ಅವರಿಗೆ ಕಳುಹಿಸಿದರು. ಬೈಯರ್ಸ್ ಅವರು ಆ ಬರಹದ ಬೆಲೆಯನ್ನು ಅರಿತರು. ಟೋಕಿಯೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ 1953ರಲ್ಲಿಯೇ ಫುಜಿತಾ ಚಿಕಾಗೊಗೆ ಹೊರಟರು. ಮುಂದೆ ಅದೇ ಅವರ ಕರ್ಮಭೂಮಿಯಾಯಿತು. 1968ರಲ್ಲಿ ಅಮೆರಿಕದ ಪೌರತ್ವ ಪಡೆದಾಗ ಥಿಯೊಡರ್ ಎಂಬ ಹೆಸರನ್ನು ಸೇರಿಸಿಕೊಂಡರು.

ಛಾಯಾಚಿತ್ರಗಳಿಂದ ಹೊಲದ ಗೆರೆಗಳವರೆಗೆ

1957ರ ಜೂನ್ 20ರಂದು ಉತ್ತರ ಡಕೋಟಾದ ಫಾರ್ಗೊ ನಗರವನ್ನು ಸುಂಟರಗಾಳಿಯೊಂದು ಹಾಳುಗೆಡವಿತು. ಊರಿನ ಅನೇಕರು ದೂರದಿಂದ ಅದರ ಚಿತ್ರಗಳನ್ನು ತೆಗೆದಿದ್ದರು. ಫುಜಿತಾ ಅವರು ಇಂಥ ನೂರಾರು ಚಿತ್ರಗಳನ್ನು ಸಂಗ್ರಹಿಸಿ, ಪ್ರತಿಯೊಂದನ್ನೂ ಎಲ್ಲಿ ನಿಂತು, ಯಾವ ಕ್ಷಣದಲ್ಲಿ ತೆಗೆದಿರಬಹುದೆಂದು ನಿಷ್ಕರ್ಷಿಸಿದರು. ಹೀಗೆ ಬಿಡಿಬಿಡಿಯಾಗಿದ್ದ ಚಿತ್ರಗಳು ಕಾಲಾನುಕ್ರಮದಲ್ಲಿ ಜೋಡಣೆಗೊಂಡು ಮೋಡದ ಹುಟ್ಟು, ಬೆಳವಣಿಗೆ, ಅಳಿವು ನಿಮಿಷ ನಿಮಿಷವಾಗಿ ತೆರೆದುಕೊಂಡವು. ಸುಂಟರಗಾಳಿ ಇಳಿಯುವ ಮುನ್ನ ಮೋಡದ ತಳದಿಂದ ಜೋತುಬೀಳುವ ಭಾಗಕ್ಕೆ ಗೋಡೆಮೋಡವೆಂಬ ಅರ್ಥದ ಹೆಸರನ್ನು ಅವರು ಕೊಟ್ಟದ್ದು ಈ ಅಧ್ಯಯನದಲ್ಲಿ. ಆ ಶಬ್ದ ಇಂದಿಗೂ ಹವಾಮಾನ ವೀಕ್ಷಕರ ಬಳಕೆಯಲ್ಲಿದೆ.

1965ರ ಏಪ್ರಿಲ್ 11, ಕ್ರೈಸ್ತರ ಗರಿಗಳ ಭಾನುವಾರ, ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಹತ್ತಾರು ಸುಂಟರಗಾಳಿಗಳು ಒಂದೇ ದಿನ ಎದ್ದು ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಮಡಿದರು. ಫುಜಿತಾ ಅವರು ಸಣ್ಣ ವಿಮಾನವೇರಿ ಹಾನಿಯ ಹಾದಿಗುಂಟ ಸಾವಿರಾರು ಕಿಲೋಮೀಟರ್ ಹಾರಿದರು. ಮೇಲಿನಿಂದ ನೋಡಿದಾಗ ಉತ್ತ ಹೊಲಗಳಲ್ಲಿ ಒಂದರ ಮೇಲೊಂದು ಬಿದ್ದ ಸುರುಳಿಗೆರೆಗಳು ಕಾಣಿಸಿದವು. ಗಾಳಿ ಎಳೆದೊಯ್ದ ಯಾವುದೋ ಭಾರವಾದ ವಸ್ತು ನೆಲವನ್ನು ಕೊರೆದು ಉಂಟಾದ ಗೀರುಗಳೆಂದು ಅಂಥವನ್ನು ವಿವರಿಸುವುದು ವಾಡಿಕೆಯಾಗಿತ್ತು. ಫುಜಿತಾ ಅವರು ಪರಿಶೀಲಿಸಿದಾಗ ಅವು ಗೀರುಗಳೇ ಅಲ್ಲ, ಕೆಲವೇ ಅಂಗುಲ ಎತ್ತರಕ್ಕೆ ಒಟ್ಟಿಕೊಂಡ ಜೋಳದ ಕೂಳೆ, ಕಡ್ಡಿಕಸಗಳ ಸಾಲುಗಳೆಂದು ತಿಳಿಯಿತು.

ಇದರಿಂದ ಅವರು ಮಾಡಿದ ಊಹೆ ಹೊಸದು. ಒಂದು ದೊಡ್ಡ ಸುಂಟರಗಾಳಿಯ ಒಳಗೆ ಹಲವು ಚಿಕ್ಕ ಸುಳಿಗಳಿರುತ್ತವೆ. ಅವು ತಮ್ಮ ಸುತ್ತ ತಾವು ತಿರುಗುತ್ತ, ದೊಡ್ಡ ಸುಳಿಯ ಕೇಂದ್ರವನ್ನೂ ಸುತ್ತುತ್ತ, ಅದರೊಂದಿಗೆ ಮುಂದಕ್ಕೂ ಸಾಗುತ್ತವೆ. ಗಾಳಿಯ ಅತ್ಯಂತ ಹೆಚ್ಚಿನ ವೇಗ ಈ ಚಿಕ್ಕ ಸುಳಿಗಳಲ್ಲಿದೆ. ಒಂದು ಮನೆ ಬುಡಸಹಿತ ಹೋಗಿ, ಮಗ್ಗುಲ ಮನೆಯ ಹೆಂಚು ಮಾತ್ರ ಹಾರಿರುವುದು ಏಕೆಂಬ ಹಳೆಯ ಒಗಟಿಗೆ ಇದರಲ್ಲಿ ಸಮಾಧಾನ ಸಿಕ್ಕಿತು. ಮೊದಲು ಸಂದೇಹಪಟ್ಟವರೂ ಮುಂದೆ ಇಂಥ ಬಹುಸುಳಿಗಳ ಚಲನಚಿತ್ರಗಳು ದೊರೆತಾಗ ಒಪ್ಪಿದರು.

ಎಫ್ ಮಾಪನ

ಅಲ್ಲಿಯವರೆಗೆ ಅಮೆರಿಕದ ದಾಖಲೆಯಲ್ಲಿ ಒಂದು ಸುಂಟರಗಾಳಿಗೂ ಮತ್ತೊಂದಕ್ಕೂ ಬಲದ ಭೇದವಿರಲಿಲ್ಲ. ಕೊಟ್ಟಿಗೆಯ ಮಾಡು ಹಾರಿಸಿದುದೂ ಊರನ್ನೇ ಅಳಿಸಿದುದೂ ಲೆಕ್ಕದಲ್ಲಿ ಒಂದೊಂದೇ. 1971ರಲ್ಲಿ ಫುಜಿತಾ ಅವರು ಪತ್ನಿ ಸುಮಿಕೊ ಅವರ ನೆರವಿನಿಂದ ಸಿದ್ಧಪಡಿಸಿದ ಮಾಪನ ಈ ಕೊರತೆಯನ್ನು ನೀಗಿಸಿತು. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫೋರ್ಟ್ ಅವರು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ, ಹಡಗಿನ ಹಾಯಿಗಳ ಮೇಲೆ ಗಾಳಿಯ ಪರಿಣಾಮವನ್ನು ನೋಡಿ ಅದರ ಬಲವನ್ನು ಹನ್ನೆರಡರವರೆಗಿನ ಅಂಕಿಗಳಲ್ಲಿ ಹೇಳುವ ಕ್ರಮವನ್ನು ಮಾಡಿದ್ದರು. ಆ ಮಾಪನದ ಹನ್ನೆರಡನೆಯ ಮೆಟ್ಟಿಲು ಫುಜಿತಾ ಅವರ ಒಂದನೆಯ ಮೆಟ್ಟಿಲಾಯಿತು. ಅವರ ಹನ್ನೆರಡನೆಯದು ಶಬ್ದದ ವೇಗಕ್ಕೆ ಸಮ. ನೆಲದ ಮೇಲಿನ ಯಾವ ಸುಂಟರಗಾಳಿಯೂ ಐದನ್ನು ಮೀರುವುದೆಂದು ಅವರು ಭಾವಿಸಲಿಲ್ಲವಾದ್ದರಿಂದ ಬಳಕೆಗೆ ಬಂದದ್ದು ಎಫ್ ಸೊನ್ನೆಯಿಂದ ಎಫ್ ಐದರವರೆಗಿನ ಆರು ದರ್ಜೆಗಳು.

ಕೊಂಬೆ ಮುರಿದು, ಹೊಗೆಗೂಡಿಗೆ ಧಕ್ಕೆಯಾಗಿದ್ದರೆ ಎಫ್ ಸೊನ್ನೆ. ಮಾಡಿನ ಹೊದಿಕೆ ಸುಲಿದು, ಸಾಗಿಸಬಲ್ಲ ಹಗುರ ಮನೆಗಳು ನೆಲೆಯಿಂದ ಸರಿದಿದ್ದರೆ ಎಫ್ ಒಂದು. ಮರದ ಚೌಕಟ್ಟಿನ ಮನೆಯ ಮಾಡು ಪೂರ್ತಿ ಹಾರಿದ್ದರೆ ಎರಡು. ಗಟ್ಟಿಮನೆಯ ಗೋಡೆಗಳೂ ಬಿದ್ದು, ರೈಲುಗಾಡಿ ಮಗುಚಿದ್ದರೆ ಮೂರು. ಚೆನ್ನಾಗಿ ಕಟ್ಟಿದ ಮನೆ ನೆಲಸಮವಾಗಿದ್ದರೆ ನಾಲ್ಕು. ಅಂಥ ಮನೆ ಅಡಿಪಾಯದ ಮೇಲಿಂದ ಗುಡಿಸಿದಂತೆ ಇಲ್ಲವಾಗಿ, ಮರಗಳ ತೊಗಟೆ ಸುಲಿದಿದ್ದರೆ ಐದು. ಪ್ರತಿ ದರ್ಜೆಗೂ ಒಂದು ವೇಗದ ಅಂದಾಜನ್ನು ಅವರು ಜೋಡಿಸಿದರು. ಎಫ್ ಸೊನ್ನೆ ಗಂಟೆಗೆ ಸುಮಾರು 64 ಕಿಲೋಮೀಟರಿನಿಂದ ಆರಂಭವಾದರೆ ಎಫ್ ಐದು ಸುಮಾರು 420ರಿಂದ 512ರವರೆಗೆ. ಕಾನ್ಸಾಸ್ ನಗರದಲ್ಲಿದ್ದ ತೀವ್ರ ಬಿರುಗಾಳಿ ಮುನ್ಸೂಚನಾ ಕೇಂದ್ರದ ಅಲೆನ್ ಪಿಯರ್ಸನ್ ಅವರು ಹಾದಿಯ ಉದ್ದ, ಅಗಲಗಳನ್ನು ಸೂಚಿಸುವ ಅಂಕಿಗಳನ್ನೂ ಕೂಡಿಸಿದರು. ಅಣುವಿದ್ಯುತ್ ಸ್ಥಾವರಗಳನ್ನು ಎಷ್ಟು ಗಟ್ಟಿಯಾಗಿ ಕಟ್ಟಬೇಕೆಂಬ ಪ್ರಶ್ನೆ ಆಗ ಸರಕಾರದ ಮುಂದಿತ್ತು. ಅದರ ಸಲುವಾಗಿ 1950ರಿಂದ ಈಚಿನ ಸುಂಟರಗಾಳಿಗಳಿಗೂ ದರ್ಜೆ ಕೊಡುವ ಕೆಲಸ ನಡೆಯಿತು. ಹಳೆಯ ವೃತ್ತಪತ್ರಿಕೆಗಳ ವರದಿಗಳನ್ನು ಓದಿ ಅಂಕಿ ಹಾಕಿದವರು ಕಾಲೇಜು ವಿದ್ಯಾರ್ಥಿಗಳು.

1974ರ ಏಪ್ರಿಲ್ 3 ಮತ್ತು 4ರಂದು ಮಾಪನಕ್ಕೆ ದೊಡ್ಡ ಪರೀಕ್ಷೆ ಎದುರಾಯಿತು. ಹದಿಮೂರು ರಾಜ್ಯಗಳಲ್ಲಿ 148 ಸುಂಟರಗಾಳಿಗಳು ಎದ್ದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಓಹಿಯೊದ ಜೀನಿಯಾ ಪಟ್ಟಣದ ಬಹುಭಾಗ ಧ್ವಂಸವಾಯಿತು. ಫುಜಿತಾ ಮತ್ತು ಅವರ ಸಂಗಡಿಗರು ತಿಂಗಳುಗಟ್ಟಲೆ ದುಡಿದು ಅಷ್ಟೂ ಗಾಳಿಗಳ ಹಾದಿಯನ್ನು, ಹಾದಿಯುದ್ದಕ್ಕೂ ಬದಲಾಗುವ ದರ್ಜೆಯನ್ನು ಒಂದೇ ನಕ್ಷೆಯಲ್ಲಿ ಮೂಡಿಸಿದರು.

ಮಾಪನದ ಬಲವೂ ಅದರ ದೌರ್ಬಲ್ಯವೂ ಒಂದೆಡೆಯಲ್ಲಿಯೇ ಇದ್ದವು. ಶಾಸನವನ್ನು ಸಂಪಾದಿಸುವವರು ಕಲ್ಲಿನ ಮೇಲೆ ಕಾಣುವ ಅಕ್ಷರವನ್ನೂ, ಸವೆದ ಎಡೆಯಲ್ಲಿ ತಾವು ಊಹಿಸಿ ತುಂಬಿದ ಅಕ್ಷರವನ್ನೂ ಬೇರ್ಪಡಿಸಿ ತೋರಿಸುತ್ತಾರೆ. ಓದುಗನು ಆವರಣದೊಳಗಿನ ಅಕ್ಷರವನ್ನು ಕಲ್ಲಿನದೆಂದು ತಿಳಿದರೆ ಪ್ರಮಾದವಾಗುತ್ತದೆ. ಫುಜಿತಾ ಅವರ ಪಟ್ಟಿಯಲ್ಲಿ ಹಾನಿಯ ವರ್ಣನೆ ಕಣ್ಣಿಗೆ ಕಂಡದ್ದು, ವೇಗದ ಅಂಕಿ ಊಹಿಸಿ ತುಂಬಿದ್ದು. ಕಾಲಕ್ರಮದಲ್ಲಿ ಪತ್ರಿಕೆಗಳೂ ಎಷ್ಟೋ ಮಂದಿ ವೃತ್ತಿನಿರತರೂ ಆ ಅಂಕಿಯನ್ನು ಅಳೆದು ಪಡೆದ ಸಂಗತಿಯೆಂಬಂತೆ ಬಳಸತೊಡಗಿದರು. ಇದನ್ನು ಪ್ರಶ್ನಿಸಿದವರಲ್ಲಿ ಟೆಕ್ಸಾಸಿನ ಲಬಕ್ ನಗರದ ಎಂಜಿನಿಯರುಗಳು ಮುಖ್ಯರು. 1970ರ ಮೇ 11ರಂದು ಆ ನಗರವೇ ಸುಂಟರಗಾಳಿಗೆ ತುತ್ತಾಗಿತ್ತು. ಅಲ್ಲಿನ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದವರು ಬಿದ್ದ ಕಟ್ಟಡಗಳ ಮೊಳೆ, ಬೋಲ್ಟು, ಕೀಲುಗಳನ್ನು ಪರೀಕ್ಷಿಸಿ, ಮನೆ ನೆಲಸಮವಾಗಲು ಗಂಟೆಗೆ 420 ಕಿಲೋಮೀಟರ್ ವೇಗ ಬೇಕಾಗಿಲ್ಲ, ಅದಕ್ಕಿಂತ ಬಹಳ ಕಡಿಮೆ ಸಾಕೆಂದು ತೋರಿಸಿದರು. ಅಡಿಪಾಯಕ್ಕೆ ಸರಿಯಾಗಿ ಬಿಗಿಯದ ಮನೆ ಸಾಧಾರಣ ಗಾಳಿಗೂ ಜಾರಿಹೋಗುತ್ತದೆ. ಅದನ್ನು ನೋಡಿ ಗಾಳಿಯನ್ನು ಐದೆಂದರೆ ಕಟ್ಟಿದವನ ತಪ್ಪನ್ನು ಗಾಳಿಯ ಲೆಕ್ಕಕ್ಕೆ ಬರೆದಂತಾಗುತ್ತದೆ. ಗಾಳಿ ಅಸಾಧ್ಯವಾದುದೆಂದು ನಂಬಿದ ಊರು ಮತ್ತೆ ಹಾಗೆಯೇ ಮನೆ ಕಟ್ಟುತ್ತದೆ. ಮೊಳೆ ಸಾಲದೆಂದು ತಿಳಿದ ಊರು ಮುಂದಿನ ಮನೆಯನ್ನು ಬಿಗಿಯಾಗಿ ಕಟ್ಟಬಹುದು. ಫುಜಿತಾ ಅವರೂ ಈ ಆಕ್ಷೇಪವನ್ನು ತಳ್ಳಿಹಾಕಲಿಲ್ಲ. 1992ರಲ್ಲಿ ಪ್ರಕಟಿಸಿದ ತಮ್ಮ ಸ್ಮೃತಿಗ್ರಂಥದಲ್ಲಿ ಕಟ್ಟಡದ ಗಟ್ಟಿತನಕ್ಕೆ ಅನುಗುಣವಾಗಿ ದರ್ಜೆಯನ್ನು ತಿದ್ದುವ ಕ್ರಮವನ್ನು ತಾವೇ ಮುಂದಿಟ್ಟರು.

ಮೇಲಿನಿಂದ ಬಿದ್ದ ಗಾಳಿ

1974ರ ಹಾನಿಯನ್ನು ವಿಮಾನದಿಂದ ಪರಿಶೀಲಿಸುವಾಗ ಪಶ್ಚಿಮ ವರ್ಜೀನಿಯಾದ ಬೆಕ್ಲಿ ಬಳಿಯ ಕಾಡಿನಲ್ಲಿ ಫುಜಿತಾ ಅವರು ವಿಚಿತ್ರವೊಂದನ್ನು ಕಂಡರು. ಸುಂಟರಗಾಳಿ ಬೀಳಿಸಿದ ಮರಗಳು ಸುಳಿಯ ತಿರುವನ್ನು ಅನುಸರಿಸಿ ಒಳಮುಖವಾಗಿಯೂ ಅಡ್ಡಾದಿಡ್ಡಿಯಾಗಿಯೂ ಬಿದ್ದಿರುತ್ತವೆ. ಇಲ್ಲಿನ ಮರಗಳು ಒಂದು ಕೇಂದ್ರದಿಂದ ಹೊರಕ್ಕೆ, ಎಲ್ಲ ದಿಕ್ಕಿಗೂ ಉರುಳಿದ್ದವು. ನಾಗಸಾಕಿಯಲ್ಲಿ ಕಂಡ ಅರೆಕಾಲುಗಳ ಚಿತ್ರವೇ ಅದು. ಅಲ್ಲಿ ಬಾಂಬು, ಇಲ್ಲಿ ಮೋಡ. ಗುಡುಗುಮೋಡದಿಂದ ತಂಪಾದ ಭಾರಗಾಳಿಯ ರಾಶಿಯೊಂದು, ತುಂಬಿದ ಕೊಡವನ್ನು ಅಂಗಳಕ್ಕೆ ಮಗುಚಿದಂತೆ, ಒಮ್ಮೆಲೇ ನೆಲಕ್ಕೆ ಬಿದ್ದು ಸುತ್ತ ಹರಡಿರಬೇಕೆಂದು ಅವರು ತರ್ಕಿಸಿದರು.

ಮರುವರ್ಷ, 1975ರ ಜೂನ್ 24ರಂದು, ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ 66ನೆಯ ಸಂಖ್ಯೆಯ ವಿಮಾನ ಗುಡುಗುಮಳೆಯ ನಡುವೆ ನೆಲಕ್ಕಪ್ಪಳಿಸಿ 113 ಮಂದಿ ಮಡಿದರು. ಅದೇ ಹಾದಿಯಲ್ಲಿ ಸ್ವಲ್ಪ ಮೊದಲು ಇಳಿದ ಕೆಲವು ವಿಮಾನಗಳಿಗೆ ತೊಂದರೆಯಾಗಿತ್ತು, ಕೆಲವಕ್ಕೆ ಏನೂ ಆಗಿರಲಿಲ್ಲ. ಫುಜಿತಾ ಅವರು ವಿಮಾನಗಳ ದಾಖಲೆಗಳನ್ನು ಹೋಲಿಸಿ, ಬೆಕ್ಲಿಯಲ್ಲಿ ಕಂಡ ಗಾಳಿಯೇ ಇಲ್ಲಿಯೂ ಕಾರಣವೆಂದರು. ಅಂಥ ಗಾಳಿಗೆ ಡೌನ್‌ಬರ್ಸ್ಟ್ ಎಂದೂ, ನಾಲ್ಕು ಕಿಲೋಮೀಟರಿಗಿಂತ ಕಿರಿದಾದುದಕ್ಕೆ ಮೈಕ್ರೊಬರ್ಸ್ಟ್ ಎಂದೂ ಹೆಸರಿಟ್ಟರು. ಅದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಸಿಕ್ಕಿ ಅದು ತುಸು ಮೇಲೇಳುತ್ತದೆ. ಚಾಲಕ ಅದನ್ನು ಸರಿಪಡಿಸಲು ಎಂಜಿನಿನ ಶಕ್ತಿಯನ್ನು ತಗ್ಗಿಸುವಷ್ಟರಲ್ಲಿ ಗಾಳಿ ಮೇಲಿನಿಂದ ಅದುಮುತ್ತದೆ. ಕೂಡಲೇ ಹಿಂಗಾಳಿ ತಾಗಿ ರೆಕ್ಕೆಗಳ ಎತ್ತುವ ಶಕ್ತಿ ಕುಗ್ಗುತ್ತದೆ. ನೆಲ ಸಮೀಪವಿದ್ದರೆ ಚೇತರಿಸಿಕೊಳ್ಳಲು ಎಡೆಯಿಲ್ಲ.

ಹಲವು ಹವಾಮಾನಜ್ಞರು ಇದನ್ನು ಒಪ್ಪಲಿಲ್ಲ. ಗುಡುಗುಮೋಡದ ಇಳಿಗಾಳಿ ನೆಲ ತಲಪುವ ಹೊತ್ತಿಗೆ ದುರ್ಬಲವಾಗಿರುತ್ತದೆ, ತಿಳಿದಿರುವ ಸಂಗತಿಗೇ ಹೊಸ ಹೆಸರಿಡಲಾಗಿದೆ ಎಂಬುದು ಅವರ ವಾದ. ಫುಜಿತಾ ಅವರು ಎಷ್ಟೋ ಬರಹಗಳನ್ನು ವಿದ್ವಾಂಸರ ಪರಿಶೀಲನೆಗೆ ಒಪ್ಪಿಸದೆ ತಮ್ಮ ಪ್ರಯೋಗಾಲಯದ ವರದಿಗಳಾಗಿಯೇ ಹೊರತರುತ್ತಿದ್ದುದೂ ಟೀಕೆಗೆ ಎಡೆಮಾಡಿತ್ತು. ಹಾನಿಯ ಓದಿನಿಂದ ಹುಟ್ಟಿದ ಊಹೆಗೆ ಈಗ ನೇರವಾದ ಅಳತೆಯ ಬೆಂಬಲ ಬೇಕಾಯಿತು. 1978ರಲ್ಲಿ ಚಿಕಾಗೊ ಸುತ್ತಮುತ್ತ ಡಾಪ್ಲರ್ ರಡಾರುಗಳನ್ನೂ ಗಾಳಿಮಾಪಕಗಳನ್ನೂ ನೆಟ್ಟು ಕಾದಾಗ ಐವತ್ತರಷ್ಟು ಮೈಕ್ರೊಬರ್ಸ್ಟುಗಳು ದಾಖಲಾದವು. 1982ರಲ್ಲಿ ಡೆನ್ವರ್ ಬಳಿ ನಡೆದ ಇನ್ನೊಂದು ಅಧ್ಯಯನದಲ್ಲಿ ನೂರೆಂಬತ್ತಕ್ಕೂ ಮಿಕ್ಕಿ ಸಿಕ್ಕವು. 1983ರ ಆಗಸ್ಟ್ 1ರಂದು ಅಮೆರಿಕದ ಅಧ್ಯಕ್ಷರ ವಿಮಾನ ಆಂಡ್ರೂಸ್ ವಾಯುನೆಲೆಯಲ್ಲಿ ಇಳಿದ ಕೆಲವೇ ನಿಮಿಷಗಳ ಬಳಿಕ ಅಲ್ಲಿಯೇ ಗಂಟೆಗೆ 240 ಕಿಲೋಮೀಟರ್ ಮೀರಿದ ಮೈಕ್ರೊಬರ್ಸ್ಟ್ ಬೀಸಿತು.

ವಾದ ಮುಗಿಯುವಷ್ಟರಲ್ಲಿ ಇನ್ನೂ ಹಲವು ಜೀವಗಳು ಹೋಗಿದ್ದವು. 1982ರಲ್ಲಿ ನ್ಯೂ ಆರ್ಲಿಯನ್ಸಿನ ಬಳಿ 153 ಮಂದಿ, 1985ರಲ್ಲಿ ಡಲ್ಲಾಸಿನಲ್ಲಿ 137 ಮಂದಿ ಇದೇ ಗಾಳಿಯಿಂದಾದ ಅಪಘಾತಗಳಲ್ಲಿ ತೀರಿಕೊಂಡರು. ಅನಂತರ ವಿಮಾನಚಾಲಕರ ತರಬೇತಿ ಬದಲಾಯಿತು. ವಿಮಾನಗಳಲ್ಲಿ ಎಚ್ಚರಿಕೆಯ ಉಪಕರಣಗಳು, ದೊಡ್ಡ ನಿಲ್ದಾಣಗಳಲ್ಲಿ ಇದಕ್ಕೆಂದೇ ಡಾಪ್ಲರ್ ರಡಾರುಗಳು ಬಂದವು. 1990ರ ದಶಕದ ನಡುವಿನಿಂದ ಅಮೆರಿಕದಲ್ಲಿ ಇಂಥ ಪ್ರಯಾಣಿಕ ವಿಮಾನ ದುರಂತಗಳು ಬಹುತೇಕ ಇಲ್ಲವಾದವು.

ಡೆನ್ವರಿನ ಆ ಅಧ್ಯಯನದ ಕಾಲದಲ್ಲಿ, 1982ರ ಜೂನ್ 12ರಂದು, ಫುಜಿತಾ ಅವರು ತಮ್ಮ ಕಣ್ಣಾರೆ ಸುಂಟರಗಾಳಿಯೊಂದನ್ನು ಮೊದಲ ಬಾರಿಗೆ ಕಂಡರು. ಆಗ ಅವರ ವಯಸ್ಸು ಅರವತ್ತೊಂದು. ಅದುವರೆಗಿನ ಅವರ ಅರಿವೆಲ್ಲ ಗಾಳಿ ಹೋದ ಮೇಲೆ ಉಳಿದ ಗುರುತುಗಳಿಂದ ಬಂದದ್ದು.

ತಿದ್ದಿದ ಮಾಪನ

ಫುಜಿತಾ ಅವರು 1998ರ ನವೆಂಬರ್ 19ರಂದು ಚಿಕಾಗೊದಲ್ಲಿ ನಿಧನರಾದರು. 78 ವರ್ಷ ಬಾಳಿದ್ದರು. 2007ರ ಫೆಬ್ರವರಿ 1ರಿಂದ ಅಮೆರಿಕದ ಹವಾಮಾನ ಸೇವೆ ಅವರ ಮಾಪನದ ಸುಧಾರಿತ ರೂಪವನ್ನು ಬಳಸತೊಡಗಿತು. ಅದನ್ನು ರೂಪಿಸುವಲ್ಲಿ ಮುಂದಾಳಾದದ್ದು ಆಕ್ಷೇಪವೆತ್ತಿದ್ದ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯವೇ. ಇದರಲ್ಲಿ ಹಾನಿಯ ಸೂಚಕಗಳು 28. ಸಣ್ಣ ಕೊಟ್ಟಿಗೆ, ವಾಸದ ಮನೆ, ಶಾಲೆ, ವಿದ್ಯುತ್ ಕಂಬ, ಗಟ್ಟಿಮರ, ಮೆದುಮರ ಹೀಗೆ ಒಂದೊಂದಕ್ಕೂ ಹಾನಿಯ ಮೆಟ್ಟಿಲುಗಳಿವೆ. ಪ್ರತಿ ಮೆಟ್ಟಿಲಿಗೆ ನಿರೀಕ್ಷಿತ ವೇಗದ ಜೊತೆಗೆ ಕನಿಷ್ಠ, ಗರಿಷ್ಠ ಮಿತಿಗಳೂ ಇವೆ. ಪರಿಶೀಲಕರು ಹಾದಿಗುಂಟ ನಡೆದು, ಮನೆ ಬಿದ್ದಿದೆಯೆಂದಷ್ಟೇ ಬರೆದುಕೊಳ್ಳದೆ, ಗೋಡೆಯನ್ನು ಅಡಿಪಾಯಕ್ಕೆ ಬೋಲ್ಟಿನಿಂದ ಬಿಗಿದಿದ್ದರೇ, ಬರಿಯ ಮೊಳೆ ಹೊಡೆದಿದ್ದರೇ ಎಂಬುದನ್ನೂ ನೋಡುತ್ತಾರೆ. ಮರಗಳು ಒಳಮುಖವಾಗಿ ಬಿದ್ದಿವೆಯೇ ಹೊರಮುಖವಾಗಿಯೇ ಎಂಬುದರಿಂದ ಬೀಸಿದ್ದು ಸುಂಟರಗಾಳಿಯೇ ಇಳಿಗಾಳಿಯೇ ಎಂದು ತೀರ್ಮಾನಿಸುತ್ತಾರೆ. ಐದನೆಯ ದರ್ಜೆಯ ವೇಗ ಈಗ ಗಂಟೆಗೆ ಸುಮಾರು 322 ಕಿಲೋಮೀಟರಿಗಿಂತ ಮೇಲು. ಫುಜಿತಾ ಅವರ ಅಂದಾಜಿಗಿಂತ ಅದು ಸುಮಾರು ನೂರರಷ್ಟು ಕಡಿಮೆ.

ಆದರೂ ಹಾನಿಯಿಲ್ಲದ ಕಡೆ ದರ್ಜೆ ಮೂಕವಾಗುತ್ತದೆ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಬಳಿ ನಾಲ್ಕು ಕಿಲೋಮೀಟರಿಗೂ ಮಿಕ್ಕಿ ಅಗಲವಾದ ಸುಂಟರಗಾಳಿ ಬೀಸಿತು. ಮೂವರು ಸಂಶೋಧಕರೂ ಸೇರಿ ಎಂಟು ಜನ ಸತ್ತರು. ವಾಹನದ ಮೇಲಿದ್ದ ರಡಾರುಗಳು ಐದನೆಯ ದರ್ಜೆಯನ್ನೂ ಬಹಳ ಮೀರಿದ ವೇಗವನ್ನು ಗುರುತಿಸಿದ್ದವು. ಆದರೆ ಅದು ಬಹುಪಾಲು ತೆರೆದ ಬಯಲಿನಲ್ಲಿ ಸಾಗಿದ್ದರಿಂದ ನೆಲದ ಮೇಲೆ ಸಿಕ್ಕ ಹಾನಿ ಮೂರನೆಯ ದರ್ಜೆಯದು. ಮೊದಲು ಕೊಟ್ಟ ಐದನ್ನು ಹಿಂತೆಗೆದುಕೊಂಡು, ಅಧಿಕೃತ ದಾಖಲೆಯಲ್ಲಿ ಮೂರೆಂದೇ ಬರೆಯಲಾಯಿತು. ಮಾಪನ ಹೇಳುವುದು ಹಾನಿಯನ್ನು, ಗಾಳಿಯನ್ನಲ್ಲ ಎಂಬ ಮಾತನ್ನು ಆ ದಾಖಲೆ ಉಳಿಸಿಕೊಂಡಿದೆ. ಫುಜಿತಾ ಅವರ ವೇಗದ ಅಂಕಿಗಳು ಹೋದವು. ಆರು ದರ್ಜೆಗಳೂ, ಬಿದ್ದ ಮರ ಮುರಿದ ಗೋಡೆಗಳ ಬಳಿಗೆ ಹೋಗಿ ನಿಂತು ಓದುವ ಕ್ರಮವೂ, ದರ್ಜೆಯ ಮೇಲಿನ ಅವರ ಹೆಸರೂ ಉಳಿದಿವೆ.